ಆಸ್ಪತ್ರೆ ಗೋಡೆಯ ಪಟ್ಟಿ

ಬೆಳಿಗ್ಗೆ ಒಂಬತ್ತಕ್ಕೆ ಮೀನುಗಾರ ಟೆಬಾನ್‌ಗೆ ಪೆನಿಸಿಲಿನ್ ಚುಚ್ಚಿದ್ದರು. ಐದೇ ನಿಮಿಷದಲ್ಲಿ ಅವನ ಗಂಟಲು ಊದಿ ಮುಖ ನೀಲಿಗಟ್ಟಿತು. ಡಾಕ್ಟರ್ ಮಗ್ತಿಬಾಯ್ ಜೀವ ಉಳಿಸಿದ್ದೇ ದೊಡ್ಡದು.

ಔಷಧದ ಕಿಟಕಿಯಲ್ಲಿ ಕೂರುವವಳು ನೆನಿತಾ. ಆ ಸೀಸೆ ಕೊಟ್ಟವಳು ಅವಳೇ. ಗೋಡೆಯ ಗಾಜಿನ ಚೌಕಟ್ಟಿನಲ್ಲಿದ್ದ ರೋಗಿಗಳ ಪಟ್ಟಿ ನೋಡಿಯೇ ಕೊಟ್ಟಿದ್ದಳು. ಟೆಬಾನ್‌ನ ಸಾಲಿನಲ್ಲಿ, 'ಕೊಡಬಾರದ ಔಷಧ' ಎಂಬ ಕಾಲಂನಲ್ಲಿ, 'ಸಲ್ಫಾ' ಎಂದಷ್ಟೇ ಇತ್ತು.

"ಸಲ್ಫಾ ಕೆಳಗೇ ಪೆನಿಸಿಲಿನ್ ಅಂತ ಟೈಪ್ ಮಾಡಿದೀನಿ," ಎಂದಳು ನರ್ಸ್ ಲಿಗಾಯಾ, ಅಳು ನುಂಗುತ್ತ.

"ಕಂಪ್ಯೂಟರ್‌ನಲ್ಲೂ ಇಲ್ವಲ್ಲಮ್ಮ," ಎಂದರು ಡಾಕ್ಟರ್. "ಸುಳ್ಳು ಹೇಳಿದ್ರೆ ಕೆಲಸ ಉಳಿಯಲ್ಲ."

"ನಾನು ಪ್ರಿಂಟ್ ಒತ್ತಿದ್ದಷ್ಟೇ," ಎಂದ ಗುಮಾಸ್ತ ಪ್ರಿಮೊ.

ನೆನಿತಾ ಆಸ್ಪತ್ರೆಯ ಹಿಂದಿದ್ದ ಬಾಡಿಗೆ ಕೋಣೆಗೆ ಓಡಿದಳು. ಅಲ್ಲಿ ವಾಸವಿದ್ದವರು ಅಲಿಂಗ್ ಸೆಪಾ. ಮೂವತ್ತು ವರ್ಷ ಟೈಪಿಂಗ್ ಕಲಿಸಿದ ಮುದುಕಿ. ಆ ಪುಟ್ಟ ದ್ವೀಪದಲ್ಲಿ ಬಗೆಹರಿಯದ್ದೆಲ್ಲ ಕೊನೆಗೆ ಬರುವುದು ಅವರ ಬಾಗಿಲಿಗೇ. ನೆನಿತಾಳಿಗೋ ಇಂಥ ಹತ್ತು ಸಂಗತಿಗಳಲ್ಲಿ ಅವರ ಬೆನ್ನಿಗಿದ್ದು ಅಭ್ಯಾಸ.

ಸೆಪಾ ಆಸ್ಪತ್ರೆಗೆ ಬಂದು ಮೊದಲು ಗೋಡೆಯ ಪಟ್ಟಿ ನೋಡಿದರು, ಆಮೇಲೆ ಡಾಕ್ಟರನ್ನು.

"ಶುಕ್ರವಾರ ನೀವು ಸಹಿ ಹಾಕಿದ ಪಟ್ಟಿ ಎಷ್ಟು ಹಾಳೆ ಇತ್ತು?"

"ಎರಡು."

"ಇಲ್ಲಿ ಒಂದೇ ಇದೆ. ಅಕ್ಷರ ಸಣ್ಣದು ಮಾಡಿಲ್ಲ, ಅಷ್ಟೇ ದಪ್ಪ ಇದೆ."

ಕಂಪ್ಯೂಟರಿನ ಮುಂದೆ ಕೂತು ಪಟ್ಟಿಯ ಮೇಲೆ ಬೆರಳಾಡಿಸಿದರು. "ಸಾಲುಗಳೆಲ್ಲ ಅಳತೆಕೋಲು ಇಟ್ಟಂಗಿವೆ ನೋಡು, ನೆನಿ. ಹನ್ನೊಂದನೇ ಹಾಸಿಗೆಯ ಸಲುದ್ ಅನ್ನೋಳಿಗೆ ಮನೆತನದ ಹೆಸರೇ ಇಲ್ಲ. ಹೆಸರು ಅರ್ಧಕ್ಕೆ ಬಿಟ್ಟು ಟೈಪ್ ಮಾಡೋ ಹುಡುಗಿಯಲ್ಲ ನಮ್ಮ ಲಿಗಾಯಾ. ನನ್ನ ಶಿಷ್ಯೆ ಅವಳು."

ಇಡೀ ಪಟ್ಟಿಯನ್ನು ಆರಿಸಿ, ಸಾಲಿನ ಎತ್ತರದ ಕಟ್ಟನ್ನು ಸಡಿಲಿಸಿದರು. ಸಾಲುಗಳು ಒಂದೊಂದಾಗಿ ಹಿಗ್ಗಿದವು. ಟೆಬಾನ್‌ನ ಸೆಲ್‌ನಲ್ಲಿ 'ಸಲ್ಫಾ' ಕೆಳಗೆ 'ಪೆನಿಸಿಲಿನ್' ಕಾಣಿಸಿಕೊಂಡಿತು.

ನೆನಿತಾ ಉಸಿರು ಬಿಟ್ಟಳು. ಮರುಕ್ಷಣ ಅವಳ ಕಣ್ಣು ಸಲುದ್‌ಳ ಸಾಲಿನ ಮೇಲೆ ಬಿತ್ತು. ಅಲ್ಲಿ ಮನೆತನದ ಹೆಸರಷ್ಟೇ ಅಲ್ಲ, ಕೊಡಬಾರದ ಔಷಧಗಳಲ್ಲೂ ಎರಡನೆಯ ಗೆರೆಯೊಂದು ಮೂಡಿತ್ತು: 'ಡೈಕ್ಲೋಫೆನಾಕ್'.

ಕಾಲು ಗಂಟೆಯ ಹಿಂದೆ ನೋವಿನ ಚುಚ್ಚುಮದ್ದೆಂದು ಅದೇ ಡೈಕ್ಲೋಫೆನಾಕನ್ನು ಹನ್ನೊಂದನೇ ಹಾಸಿಗೆಗೆ ಕಳಿಸಿದ್ದಳು ಅವಳು.

ಚಪ್ಪಲಿ ಎಲ್ಲಿ ಬಿಟ್ಟಳೋ ತಿಳಿಯದು. ವಾರ್ಡಿಗೆ ನುಗ್ಗಿದಾಗ ಸಲುದ್‌ಳ ತೋಳಿಗೆ ಸ್ಪಿರಿಟ್ ಒರೆಸಿ ಆಗಿತ್ತು. ಸೂಜಿ ಚರ್ಮಕ್ಕೆ ಒಂದು ಬೆರಳು ದೂರವಿತ್ತು. ನೆನಿತಾ ವಾರ್ಡಿನ ನರ್ಸಿನ ಮಣಿಕಟ್ಟು ಹಿಡಿದಳು. ಬೇಡವೆಂದು ತಲೆಯಾಡಿಸಿದಳು.

ಮಧ್ಯಾಹ್ನ ಎಲ್ಲರನ್ನೂ ಡಾಕ್ಟರ ಕೋಣೆಯಲ್ಲಿ ಕೂರಿಸಿ ಸೆಪಾ ಹೇಳಿದರು: "ಸಾಲಿನ ಎತ್ತರ ಇಷ್ಟೇ ಅಂತ ಬಿಗಿ ಮಾಡಿದ್ರೆ, ಅದಕ್ಕಿಂತ ಹೆಚ್ಚಿನ ಗೆರೆ ತೆರೆ ಮೇಲೂ ಕಾಣಲ್ಲ, ಹಾಳೆ ಮೇಲೂ ಬರಲ್ಲ. ಅಳಿಸಿಲ್ಲ, ಮುಚ್ಚಿಹೋಗಿದೆ ಅಷ್ಟೆ. ಶುಕ್ರವಾರ ಎರಡು ಹಾಳೆ, ಇವತ್ತು ಸೋಮವಾರ ಒಂದು. ನಡುವೆ ಆ ಕಡತ ತೆರೆದವನು ಪ್ರಿಂಟ್ ಒತ್ತಿದವನೊಬ್ಬನೇ. ಪಟ್ಟಿ ತಾನಾಗೇ ಕುಗ್ಗಲ್ಲ, ಪ್ರಿಮೊ. ಗಾಜಿನ ಚೌಕಟ್ಟಲ್ಲಿ ಹಿಡಿಸೋದು ಒಂದೇ ಹಾಳೆ, ಅಲ್ವಾ?"

ಪ್ರಿಮೊ ನೆಲ ನೋಡುತ್ತ ನುಡಿದ: "ಇವತ್ತು ಆಸ್ಪತ್ರೆ ತಪಾಸಣೆಯವರು ಬರ್ತಾರೆ ಅಂದ್ರು. ನೀಟಾಗಿ ಕಾಣ್ಲಿ ಅಂತ ಮಾಡಿದೆ. ಯಾರಿಗೂ ಕೇಡು ಬಯಸಿರಲಿಲ್ಲ."

"ಅದು ತಪ್ಪು," ಎಂದರು ಸೆಪಾ. "ಆಮೇಲೆ ಬಾಯಿ ಮುಚ್ಕೊಂಡಿದ್ದು ಅಪರಾಧ. ಸಲುದ್ ಇವತ್ತು ಸತ್ತೇ ಹೋಗ್ತಿದ್ಲು."

ಡಾಕ್ಟರ್ ಎದ್ದು ಲಿಗಾಯಾಳ ಕ್ಷಮೆ ಕೇಳಿದರು. ಅವಳು ಅವರತ್ತ ತಿರುಗಲೇ ಇಲ್ಲ.

"ಬೆಳಿಗ್ಗೆ ನಾನು ಅಳ್ತಾ ಕೂತಾಗ ನೀರು ತಂದುಕೊಟ್ಟೆಯಲ್ಲ, ಪ್ರಿಮೊ," ಎಂದಳು. "ಆಗಲೇ ಗೊತ್ತಿತ್ತಾ ನಿನಗೆ?"



"ಗೊತ್ತಿತ್ತು," ಎಂದ.