ವಿವರಣೆ ಬರೆದವರು

ಅರ್ಧ ತೆಂಗಿನಕಾಯಿ ತುರಿದಾಗಿತ್ತು. ಇನ್ನರ್ಧವನ್ನು ಹೆರೆಮಣೆಯ ಹಲ್ಲಿಗೆ ಒತ್ತಿ ತಿರುಗಿಸುತ್ತಿದ್ದಾಗ ವಸುಮತಿಗೆ ಎದುರಿನ ಜಗಲಿಯಿಂದ ತನ್ನದೇ ಒಂದು ವಾಕ್ಯ ಕೇಳಿಸಿತು.

‘ಬಚ್ಚಿಟ್ಟುಕೊಂಡವರನ್ನು ಹುಡುಕಲು ಮನೆಯನ್ನೇ ಅಗೆಯಬೇಕಾಗಿಲ್ಲ, ಎರಡು ಶಬ್ದಗಳ ನಡುವಿನ ಗೋಡೆ ತೆಗೆದರೆ ಸಾಕು.’

ಹೇಳಿದ್ದು ಗುರುತಿಲ್ಲದ ಗಂಡಸಿನ ದನಿ. ಕಾಗದ ನೋಡಿ ಓದಿದ ಹಾಗಿರಲಿಲ್ಲ. ಬಾಯಿಪಾಠ ಬರುವವರು ಹೇಳಿದ ಹಾಗಿತ್ತು. ಇದನ್ನು ಬರೆದವರ ಎದುರು ಒಂದು ದಿನ ಕೂತುಕೊಳ್ಳಬೇಕೆಂದು ಬಹಳ ಸಮಯದಿಂದ ಆಸೆಯಿತ್ತು ಎಂದು ಆ ದನಿ ಮುಂದುವರಿಸಿತು.

ಅಣ್ಣ ವೆಂಕಟ್ರಮಣ ಮೆಲ್ಲನೆ ನಕ್ಕ. “ಅದೆಲ್ಲ ಕೂತಲ್ಲಿ ಹೊಳೀತದೆ ಮಾಷ್ಟ್ರೆ.”

ಕಾಯಿ ಜಾರಿ ಹೆರೆಮಣೆಯ ಹಲ್ಲು ಹೆಬ್ಬೆರಳಿಗೆ ತಾಗಿತು. ವಸುಮತಿ ಬೆರಳನ್ನು ಬಾಯಿಗಿಟ್ಟುಕೊಂಡಳು. ನೋವಿಗಿಂತ ಮೊದಲು ಸಿಟ್ಟು ಬಂದಿತ್ತು.

ಮಂಗಳೂರಿನ ‘ಪಡುಗಾಳಿ’ ವಾರಪತ್ರಿಕೆ ಪ್ರತಿ ಶುಕ್ರವಾರ ಮೊದಲ ಬಸ್ಸಿನಲ್ಲಿ ಪುತ್ತೂರಿಗೆ ಬರುತ್ತಿತ್ತು. ಬಸ್‌ಸ್ಟ್ಯಾಂಡಿನ ಅಲಿ ಕುಂಞಿಯ ಅಂಗಡಿಯಿಂದ ವೆಂಕಟ್ರಮಣ ಅದನ್ನು ತರುತ್ತಿದ್ದ. ಅದರ ಕೊನೆಯ ಪುಟದಲ್ಲಿ ಬಹುಮಾನದ ಪದಬಂಧ. ಸುಳಿವುಗಳು ಒಂದೂ ನೇರವಲ್ಲ, ಪ್ರತಿಯೊಂದರಲ್ಲೂ ಒಂದು ಉಪಾಯ. ಚೌಕ ತುಂಬಿಸಿ ಕಳಿಸಿದರೆ ಸಾಲದು. ಉತ್ತರ ಹೇಗೆ ಬಂತೆಂದು ಒಂದೊಂದಕ್ಕೂ ವಿವರಣೆ ಬರೆದು ಜೊತೆಗಿಡಬೇಕು. ಚೆಂದದ ವಿವರಣೆ ಬರೆದವರ ಹೆಸರಿನ ಜೊತೆ ಅಚ್ಚಾಗುತ್ತಿತ್ತು, ಬಹುಮಾನವಾಗಿ ಒಂದು ಪುಸ್ತಕ ಅಂಚೆಯಲ್ಲಿ ಬರುತ್ತಿತ್ತು.

ಅಚ್ಚಾಗುತ್ತಿದ್ದ ಹೆಸರು ವೆಂಕಟ್ರಮಣನದು. ಬಿಡಿಸುತ್ತಿದ್ದವಳು, ಬರೆಯುತ್ತಿದ್ದವಳು ವಸುಮತಿ.

ಮೊದಲ ಸಲ ಅವಳು ತನ್ನ ಹೆಸರನ್ನೇ ಬರೆದಿದ್ದಳು. ತಾಯಿ ಮನೋರಮಾ, ಮಕ್ಕಳಿಗೆ ಅಬ್ಬೆ, ಅದನ್ನು ನೋಡಿ ಹೌಹಾರಿದ್ದರು. ಜಾತಕ ನಾಲ್ಕು ಕಡೆ ಹೋಗಿರುವಾಗ ಹುಡುಗಿಯ ಹೆಸರು ಪತ್ರಿಕೆಯಲ್ಲಿ ಬಂದರೆ ಜನ ಎಂತ ಹೇಳಿಯಾರು? ಅಲ್ಲಿಂದ ಹೀಗೆ ನಡೆದುಕೊಂಡು ಬಂತು: ಅವಳು ಹಳೆಯ ಕಾಗದದ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆಯುವುದು, ವಕೀಲರ ಆಫೀಸಿನ ಗುಮಾಸ್ತನಾದ ಅಣ್ಣ ತನ್ನ ದುಂಡು ಅಕ್ಷರದಲ್ಲಿ ನಕಲು ಮಾಡಿ ಸಹಿ ಹಾಕುವುದು. ಮೂರು ವರ್ಷವಾಯಿತು. ಅಣ್ಣನಿಗೆ ಈಗ ಅದು ತನ್ನದೇ ಎಂದು ಅನಿಸಿಬಿಟ್ಟಿತ್ತೋ ಏನೋ.

ಪದಬಂಧದ ಕೆಳಗೆ ಸಣ್ಣ ಅಕ್ಷರದಲ್ಲಿ ‘ಶ್ಯಾಮ, ಕಡಬ’ ಎಂದಿರುತ್ತಿತ್ತು. ಕಡಬದ ಶಾಲೆಯಲ್ಲಿ ಕನ್ನಡ ಕಲಿಸುವ ಮಾಷ್ಟ್ರು, ಬಂದ ವಿವರಣೆಗಳನ್ನು ಓದಿ ಆರಿಸುವವನೂ ಅವನೇ ಎಂದಷ್ಟೇ ಅವಳಿಗೆ ಗೊತ್ತು. ಆದರೆ ಗೊತ್ತಿಲ್ಲದ್ದೇನಿತ್ತು? ಈ ಮನುಷ್ಯ ಅಡಗಿಸಿಡುತ್ತಾನೆ, ಮೋಸ ಮಾಡುವುದಿಲ್ಲ. ಸೆರಗಿನ ಒಂದು ತುದಿ ಹೊರಗೆ ಕಾಣುವ ಹಾಗೆ ಬಿಟ್ಟೇ ಬಾಗಿಲು ಹಾಕುತ್ತಾನೆ. ‘ಮಾವನ ಜಗಲಿಯಲ್ಲಿ ಅಡಗಿದ ತಾವರೆ’ ಎಂದು ಕೊಡುತ್ತಾನೆ. ‘ಮಾವನ’ ಎಂಬುದರ ಕೊನೆಯ ಎರಡು ಅಕ್ಷರ, ‘ಜಗಲಿ’ಯ ಮೊದಲ ಅಕ್ಷರ ಸೇರಿದರೆ ವನಜ. ಅದು ಹೊಳೆದ ಗಳಿಗೆಯಲ್ಲಿ, ಕಾಣದ ಯಾರೋ ತನ್ನ ಕಡೆ ನೋಡಿ ಹುಬ್ಬು ಹಾರಿಸಿದ ಹಾಗೆ ಅವಳಿಗೆ ಆಗುತ್ತಿತ್ತು. ದೋಸೆ ಮಗುಚುತ್ತ ಒಬ್ಬಳೇ ನಗುತ್ತಿದ್ದಳು. ಶುಕ್ರವಾರಕ್ಕೆ ಕಾಯುವುದು ಪತ್ರಿಕೆಗಾಗಿ ಎಂದು ಅವಳು ತನಗೆ ತಾನೇ ಹೇಳಿಕೊಳ್ಳುವುದನ್ನೂ ಬಿಟ್ಟಾಗಿತ್ತು.

ಆ ಮನುಷ್ಯ ಈಗ ಜಗಲಿಯಲ್ಲಿದ್ದ. ಅಣ್ಣನನ್ನು ಹೊಗಳುತ್ತಿದ್ದ.

ವೆಂಕಟ್ರಮಣ ಕಾಫಿಯ ನೆಪದಲ್ಲಿ ಒಳಗೆ ಬಂದ. ಮುಖದಲ್ಲಿ ಬೆವರಿತ್ತು. ಮಾಷ್ಟ್ರು ಬರುವ ವಾರದ ಒಂದು ಸುಳಿವು ಹೇಳಿ ವಿವರಿಸಿ ಎನ್ನುತ್ತಿದ್ದಾರೆ, ಬೇಗ ಹೇಳಿಬಿಡು ಎಂದು ಪಿಸುಗುಟ್ಟಿದ: ‘ತಲೆ ಹೋದ ಅರಸ ಹಣ್ಣಿನೊಳಗೆ ಉಳಿದ’, ಎರಡು ಅಕ್ಷರ.

“ಕೂತಲ್ಲಿ ಹೊಳೀತದಲ್ಲ ನಿಂಗೆ,” ಎಂದಳು ವಸುಮತಿ. “ಹೋಗಿ ಕೂತ್ಕೊ.”

ಅವನು ಒಮ್ಮೆ ದುರುಗುಟ್ಟಿ, ಒಮ್ಮೆ ಬೇಡಿಕೊಂಡು, ಕೊನೆಗೆ ಬರಿಗೈಯಲ್ಲಿ ಹೋದ.

ಅವಳು ಕಾಫಿ ತೆಗೆದುಕೊಂಡು ಬಾಗಿಲಿಗೆ ಬರುವಾಗ ಅಣ್ಣ ಶುರು ಮಾಡಿದ್ದ. ಹಣ್ಣುಗಳ ಅರಸ ಎಂದರೆ ಮಾವು, ತಲೆ ಎಂದರೆ ತೊಟ್ಟು, ತೊಟ್ಟು ತೆಗೆದ ಮಾವು. ಎರಡೇ ಅಕ್ಷರ, ಸರಿಯಾಯಿತಲ್ಲ.

ಎದುರು ಕೂತವನು ಬಹಳ ಗಂಭೀರವಾಗಿ ತಲೆ ಆಡಿಸುತ್ತಿದ್ದ. ಸಪೂರ ಮೈ, ಖಾದಿ ಅಂಗಿ, ಬೆರಳಿಗೆ ಸೀಮೆಸುಣ್ಣದ ಬಿಳುಪು. ಬಾಯಿ ಗಂಭೀರವಾಗಿದ್ದರೂ ಕಣ್ಣು ಹಾಗಿರಲಿಲ್ಲ. ಆ ಕಣ್ಣು ಅಣ್ಣನನ್ನು ದಾಟಿ ಬಾಗಿಲಿಗೆ ಬಂದು, ಅವಳ ಕೈಯ ಲೋಟದ ಮೇಲೆ ಕೂತು, ಅಲ್ಲಿಂದ ನಿಧಾನಕ್ಕೆ ಮುಖಕ್ಕೆ ಏರಿ, ಅಲ್ಲೇ ನಿಂತಿತು. ಕಾಯುತ್ತಿದ್ದ ಹಾಗೆ.

ಅವಳು ಸುಮ್ಮನಿರಬಹುದಿತ್ತು. ಆದರೆ ಇಷ್ಟು ಕೆಟ್ಟ ವಿವರಣೆ ತನ್ನ ವಿವರಣೆಗಳ ಸಾಲಿನಲ್ಲಿ ಕೂರುವುದನ್ನು ಅವಳು ಹೇಗೆ ಸಹಿಸಿಯಾಳು?

“ಅರಸನ ತಲೆ ‘ಅ’. ಅದನ್ನು ತೆಗೆದರೆ ಉಳಿಯುದು ರಸ. ಹಣ್ಣಿನೊಳಗೆ ಇರುದೂ ರಸವೇ,” ಎಂದಳು. “ತೊಟ್ಟು ಅಂತೆ.”

ಶ್ಯಾಮ ಎದ್ದು ಅವಳ ಕೈಯಿಂದ ಲೋಟ ತೆಗೆದುಕೊಂಡ. ಕಡಬದ ಬಸ್ಸು ಎಷ್ಟು ಹೊತ್ತಿಗೆಂದು ಅಲಿ ಕುಂಞಿಯಲ್ಲಿ ಕೇಳಿ ಬರುತ್ತೇನೆಂದು ವೆಂಕಟ್ರಮಣ ಕೊಡೆಯನ್ನೂ ಮರೆತು ಬಿಸಿಲಿಗಿಳಿದ. ಅಬ್ಬೆ ಒಳಕೋಣೆಯಲ್ಲಿ ಇದ್ದರು. ಅವರ ಬಳೆಯ ಸದ್ದು ಥಟ್ಟನೆ ನಿಂತದ್ದು ವಸುಮತಿಗೆ ಕೇಳಿಸಿತು.

“ನನಗೆ ಗೊತ್ತುಂಟು,” ಎಂದ ಶ್ಯಾಮ. “ಒಂದು ವರ್ಷವಾಯಿತು.”

ಹೇಗೆಂದು ಅವನೇ ಹೇಳಿದ. ‘ಮರದ ಹೊಟ್ಟೆಗೆ ಕತ್ತಿಯ ಮೊನೆ ಹೊಕ್ಕರೆ ಮೊಸಳೆ’ ಎಂಬ ಸುಳಿವು ಕೊಟ್ಟಿದ್ದ. ‘ಮರ’ದ ಎರಡು ಅಕ್ಷರ ಬಿಡಿಸಿ ನಡುವೆ ಕತ್ತಿಯ ‘ಕ’ ಇಟ್ಟರೆ ಮಕರ. ವೆಂಕಟ್ರಮಣನ ದುಂಡು ಅಕ್ಷರದ ವಿವರಣೆಯಲ್ಲಿ ಮುಂದಕ್ಕೆ ಹೀಗೆ ಇತ್ತಂತೆ: ‘ಅಬ್ಬೆ ನನ್ನ ಜಡೆಯ ಎಳೆಗಳ ನಡುವೆ ಮಲ್ಲಿಗೆ ಸಿಕ್ಕಿಸುವ ಹಾಗೆ.’ ಅಣ್ಣ ಓದದೆ ನಕಲು ಮಾಡಿದ್ದ.

“ವಕೀಲರ ಗುಮಾಸ್ತರಿಗೆ ಜಡೆ ಇರುದು ನಾನು ಕೇಳಿರಲಿಲ್ಲ,” ಎಂದ. ಅವನ ನೋಟ ಅವಳ ಹೆಗಲ ಮೇಲಿನಿಂದ ಇಳಿದಿದ್ದ ಜಡೆಯವರೆಗೆ ಹೋಗಿ, ನಾಚಿ, ಕಾಫಿಯ ಲೋಟಕ್ಕೆ ಹಿಂತಿರುಗಿತು. “ಆ ಸಾಲನ್ನು ಅಚ್ಚಿಗೆ ಕೊಡಲಿಲ್ಲ. ನಾನೇ ಇಟ್ಟುಕೊಂಡೆ.”

ನಗು ಅವಳ ತುಟಿಯವರೆಗೆ ಬಂತು. ಅಷ್ಟರಲ್ಲಿ ಲೆಕ್ಕ ಹೊಳೆಯಿತು. ಒಂದು ವರ್ಷ ಎಂದರೆ ಐವತ್ತೆರಡು ಶುಕ್ರವಾರ.

“ಗೊತ್ತಿದ್ದೂ ಅಣ್ಣನ ಹೆಸರು ಹಾಕಿದ್ದಾ?”

ಹುಡುಗಿಯ ಹೆಸರಿಗೆ ಕಾಗದ ಬರೆದರೆ ಮನೆಯಲ್ಲಿ ನಿಮಗೆ ಕಷ್ಟವಾದೀತು ಎಂದು ಹೆದರಿದೆ ಎಂದ. ಅದಕ್ಕೇ ಈಗ ಖುದ್ದಾಗಿ ಬಂದದ್ದು. ಬೆಳಿಗ್ಗೆ ವಕೀಲರ ಆಫೀಸಿನಲ್ಲಿ ನಿಮ್ಮ ಅಣ್ಣನಲ್ಲಿ ಕೇಳಿಯಾಯಿತು, ನಿಮ್ಮನ್ನು ಕೊಡುತ್ತೀರಾ ಎಂದು. ಅವರು ಸಂತೋಷದಿಂದ ಒಪ್ಪಿದರು. ಇಷ್ಟು ಹೇಳುವಷ್ಟರಲ್ಲಿ ಅವನ ಕಿವಿ ಕೆಂಪಾಗಿತ್ತು.

ಮೂರು ವರ್ಷ ಅವಳು ಬಯಸಿದ ಮಾತು ಅದು. ಎದೆ ಹೊಡೆದುಕೊಂಡದ್ದೂ ನಿಜ. ಆದರೂ ಆ ಮಾತು ಮೊದಲು ವಕೀಲರ ಆಫೀಸಿಗೆ ಹೋಗಿ, ಅಣ್ಣನ ಒಪ್ಪಿಗೆ ಪಡೆದು, ಎಲ್ಲರೂ ಉಂಡಾದ ಮೇಲೆ ಉಳಿದ ಹಾಗೆ ತನ್ನ ಎಲೆಗೆ ಬಂತಲ್ಲ ಎಂದು ಅವಳಿಗೆ ಅನಿಸಿತು.

ಶ್ಯಾಮ ಹುರುಪಿನಿಂದ ಮುಂದುವರಿಸಿದ. ‘ಪಡುಗಾಳಿ’ಯವರು ವಿವರಣೆಗೇ ಒಂದು ಅಂಕಣ ಕೊಡುತ್ತಾರೆ. ಮದುವೆಯಾದ ಮೇಲೆ ಕಡಬದಲ್ಲಿ ಇಬ್ಬರೂ ಕೂತು ಬರೆಯಬಹುದು. ಸುಳಿವು ತನ್ನದು, ವಿವರಣೆ ಅವಳದು.

“ಯಾರ ಹೆಸರಲ್ಲಿ?”

ಅವನು ತಡೆದ. “ಪತ್ರಿಕೆಯವರಿಗೆ ನನ್ನ ಹೆಸರು ಗೊತ್ತುಂಟಲ್ಲ. ಸದ್ಯಕ್ಕೆ ಅದರಲ್ಲೇ...”

“ಈಗ ಅಣ್ಣನ ಹೆಸರಲ್ಲಿ. ಆಮೇಲೆ ಗಂಡನ ಹೆಸರಲ್ಲಿ,” ಎಂದಳು ವಸುಮತಿ. ದನಿ ಏರಲಿಲ್ಲ, ಏರಿದ್ದರೆ ಅವನಿಗೆ ಸುಲಭವಾಗುತ್ತಿತ್ತು. “ನಾನು ಬರೆದದ್ದು ಪುತ್ತೂರಿಂದ ಕಡಬಕ್ಕೆ ಹೋಗ್ತದೆ ಮಾಷ್ಟ್ರೆ. ನಾನು ಮಾತ್ರ ಎಲ್ಲಿಗೂ ಹೋಗುದಿಲ್ಲ. ಆ ಜಡೆಯ ಸಾಲನ್ನು ನೀವೇ ಇಟ್ಟುಕೊಂಡ್ರಲ್ಲ. ಯಾರದೆಂದು ಒಮ್ಮೆ ಆದ್ರೂ ಹೇಳಬೇಕೂಂತ ಆಗಲಿಲ್ಲವಾ ನಿಮಗೆ?”

ಅವನು ಲೋಟ ಕೆಳಗಿಟ್ಟ. “ಅಷ್ಟು ಯೋಚನೆ ಮಾಡಿರಲಿಲ್ಲ ನಾನು,” ಎಂದ ಸಣ್ಣ ದನಿಯಲ್ಲಿ. “ತಪ್ಪಾಯಿತು.”

ಆ ಮಾತು ಅವಳಿಗೆ ಇಷ್ಟವಾಯಿತು. ಇಷ್ಟವಾದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ತಪ್ಪಾಯಿತು ಎಂದವನು ಅದನ್ನು ಹೇಗೆ ಸರಿ ಮಾಡುತ್ತೇನೆಂದು ಹೇಳುವ ಮೊದಲೇ ಅಣ್ಣ ಅಂಗಳದಲ್ಲಿ ಕಾಣಿಸಿಕೊಂಡ. ಬಸ್ಸು ಹೊರಡುವುದರಲ್ಲಿದೆ ಎಂದ. ಶ್ಯಾಮ ಮೆಟ್ಟಿಲಿಳಿಯುವಾಗ ಹಿಂತಿರುಗಿ ನೋಡಿದ. ಈ ಸಲ ಅವನ ಕಣ್ಣಿನಲ್ಲಿ ಹುಡುಗಾಟವಿರಲಿಲ್ಲ. ಅವಳು ನೋಟ ತಗ್ಗಿಸಲೂ ಇಲ್ಲ, ನಗಲೂ ಇಲ್ಲ.

ಅಬ್ಬೆ ಆ ಸಂಜೆಯೇ ಸುಳ್ಯದ ಮಾವನಿಗೆ ಕಾರ್ಡು ಬರೆಸಿದರು. ಮಾಷ್ಟ್ರ ಹುದ್ದೆ, ಒಳ್ಳೆಯ ಮನೆತನ, ಹುಡುಗ ತಾನೇ ಮುಂದಾಗಿ ಕೇಳಿ ಬಂದದ್ದು. ವಸುಮತಿಗೆ ಒಪ್ಪಿಗೆಯೇ ಎಂದು ಯಾರೂ ಕೇಳಲಿಲ್ಲ; ಅವಳು ಸುಮ್ಮನಿದ್ದಾಳೆ ಎಂಬುದೇ ಎಲ್ಲರಿಗೂ ಸಾಕಾಯಿತು. ಮದುವೆಯಾದ ಮೇಲೂ ತಿಂಗಳಿಗೊಂದು ವಿವರಣೆ ತನಗೆ ಕಳಿಸಬೇಕು, ಆಫೀಸಿನಲ್ಲಿ ಎಲ್ಲರೂ ಕೇಳುತ್ತಾರೆ ಎಂದು ಅಣ್ಣ ತಮಾಷೆಯ ದನಿಯಲ್ಲಿ ಹೇಳಿದ. ತಮಾಷೆಯಾಗಿರಲಿಲ್ಲ ಅದು.

ಶುಕ್ರವಾರ ಪತ್ರಿಕೆ ಬಂತು. ಭಾನುವಾರ ಮಧ್ಯಾಹ್ನಕ್ಕೆ ಚೌಕಗಳೆಲ್ಲ ತುಂಬಿದ್ದವು, ವಿವರಣೆಯೂ ಮುಗಿದಿತ್ತು. ಅಷ್ಟು ಒಳ್ಳೆಯ ವಿವರಣೆಯನ್ನು ಅವಳು ಈವರೆಗೆ ಬರೆದಿರಲಿಲ್ಲ. ಸಿಟ್ಟಿನಲ್ಲಿ ಬರೆದದ್ದಕ್ಕೋ ಏನೋ, ಒಂದು ಶಬ್ದವೂ ಹೆಚ್ಚಿರಲಿಲ್ಲ.

ವೆಂಕಟ್ರಮಣ ಶಾಯಿಯ ಪೆನ್ನು ಹಿಡಿದು ಬಂದು, ಆಯಿತಾ, ನಕಲು ಮಾಡಲಾ ಎಂದು ಕೇಳಿದ.

ಈ ಸಲದ್ದು ಕಷ್ಟ ಉಂಟು, ಹೊಳೆಯಲಿಲ್ಲ ಎಂದಳು. ಅವನು ಗೊಣಗಿಕೊಂಡು ಹೋದ.

ಲಕೋಟೆಗಳನ್ನೆಲ್ಲ ಮಂಗಳೂರಿನಿಂದ ಕಟ್ಟು ಕಟ್ಟಿ ಕಡಬಕ್ಕೇ ಕಳಿಸುತ್ತಾರೆ, ಒಂದೊಂದನ್ನೂ ಅವನೇ ಬಿಡಿಸಿ ಓದುತ್ತಾನೆ. ಅದು ಅವಳಿಗೆ ಗೊತ್ತಿತ್ತು. ಅಣ್ಣ ಬಿಟ್ಟುಹೋದ ಪೆನ್ನನ್ನು ಎತ್ತಿಕೊಂಡು ಅವಳು ತನ್ನ ಓರೆ ಅಕ್ಷರದಲ್ಲೇ ಇಡೀ ವಿವರಣೆಯನ್ನು ಒಳ್ಳೆಯ ಕಾಗದಕ್ಕೆ ಇಳಿಸಿದಳು. ಕೆಳಗೆ ‘ವಸುಮತಿ, ಪುತ್ತೂರು’ ಎಂದು ಬರೆದು ಶಾಯಿ ಆರುವವರೆಗೆ ನೋಡುತ್ತ ಕೂತಳು.

ಆ ಹೆಸರು ಅಚ್ಚಾಗಿ ಬಂದರೆ ಕಡಬಕ್ಕೆ ಹೋಗುವುದು. ಬರದಿದ್ದರೆ, ಅಣ್ಣ ಒಪ್ಪಿದ್ದರೂ, ಅಬ್ಬೆ ಅತ್ತರೂ, ತನ್ನ ಎದೆಯೇ ಅವನ ಕಡೆಗೆ ನಿಂತರೂ, ಇಲ್ಲ ಎನ್ನುವುದು.

ಒಳಗಿನಿಂದ ಅಬ್ಬೆ ಕರೆದು ಅಷ್ಟು ಹೊತ್ತಿನಿಂದ ಎಂತ ಮಾಡ್ತಿದ್ದೀ ಎಂದು ಕೇಳಿದರು. ಎಂತ ಇಲ್ಲ ಎಂದು ಹೇಳಿ, ವಸುಮತಿ ಕಾಗದವನ್ನು ಮಡಚಿದಳು.