ಇಪ್ಪತ್ತೊಂದರ ಗುಂಪು

"ಒಂದು ಮಾತು ಕೇಳದೆ ಒರೆಸಿಬಿಟ್ರಲ್ಲ ಮೇಷ್ಟ್ರೇ, ನಿಮ್ಮ ತಾತ ಬರೆದಿಟ್ಟ ಆಸ್ತೀನಾ ಈ ಬೋರ್ಡು?"

"ಇಪ್ಪತ್ತೊಂದು ಅಂತ ಬರೆದಿದ್ರಿ, ತಪ್ಪಿತ್ತು, ಒರೆಸಿದೆ. ಬೆಸ ಸಂಖ್ಯೆಗೆ ಆಗಲ್ಲ ಮೇಡಂ."

"ಯಾವ್ಯಾವುದು ನೋಡಿದ್ರಿ?"

"ಒಂಬತ್ತು, ಹದಿನೈದು."

"ಎರಡು ಮನೆ ಬಾಗಿಲು ತಟ್ಟಿ, ಊರಲ್ಲಿ ಯಾರೂ ಇಲ್ಲ ಅಂದಂಗಾಯ್ತು."

ಇಬ್ಬರೂ ಕಾಲೇಜಿನ ಗಣಿತದ ಮೇಷ್ಟರುಗಳು. ಒಂದೇ ಇಕ್ಕಟ್ಟು ಕೋಣೆ, ಎದುರುಬದುರು ಮೇಜು. ಸಿಟ್ಟು ಬಂದರೆ ಅವಳು ಮೂಗು ಉಜ್ಜಿಕೊಳ್ಳುವಳು, ತುದಿಗೆ ಸೀಮೆಸುಣ್ಣ ಮೆತ್ತಿಕೊಳ್ಳುವುದು. ಅವನಿಗೆ ಇಂದಿಗೂ ಅದು ಕಣ್ಣಿಗೆ ಕಟ್ಟಿದಂತಿದೆ. ಒರೆಸಿಕೊಳ್ಳಿ ಎಂದು ಅವನು ಯಾವತ್ತೂ ಹೇಳಲಿಲ್ಲ. ಒರೆಸಿಕೊಂಡರೆ ನೋಡುವುದಕ್ಕೆ ಏನಿರುತ್ತಿತ್ತು?

ಇಬ್ಬರೂ ಹಿಡಿದ ಕೆಲಸ ಒಂದೇ. ಗ್ರೂಪ್ ಅಂದರೆ ತಿರುಗಿಸು, ಮಗುಚು, ಸರಿಸು ಎಂಬಂಥ ಕ್ರಿಯೆಗಳ ಗುಂಪು. ಮೊದಲು ಮಾಡಿದರೂ ಆಮೇಲೆ ಮಾಡಿದರೂ ಫಲ ಒಂದೇ ಆಗಿ, ಉಳಿದೆಲ್ಲದರ ಜೊತೆ ಹೊಂದಿಕೊಳ್ಳುವಂಥವು ಅದರ ಸೆಂಟರ್. 'ಸುಮ್ಮನಿರು' ಎಂಬುದು ಅಲ್ಲಿ ಹೇಗೂ ಇರುತ್ತದೆ. ಸೆಂಟರಿನಲ್ಲಿ ಅದೊಂದೇ ಇರುವ ಗುಂಪು ಎಷ್ಟೆಷ್ಟು ದೊಡ್ಡದಿರಬಹುದು? ಆರಕ್ಕೆ ಆಗುತ್ತದೆ, ಎಂಟಕ್ಕೆ ಆಗದು.

"ನಮ್ಮ ವಿಭಾಗಾನೂ ಅಂಥದ್ದೇ," ಎಂದು ಅವಳು ಹಿಂದೊಮ್ಮೆ ನಕ್ಕಿದ್ದಳು. "ಎಲ್ಲರ ಜೊತೆ ಹೊಂದಿಕೊಂಡಿರೋದು ಗೋಡೆ ಮೇಲೆ ಕೆಟ್ಟು ನಿಂತಿರೋ ಆ ಗಡಿಯಾರ ಒಂದೇ."

"ನಾನಿಲ್ವಾ?"

"ನಿಮಗೆ ಎಲ್ಲರೂ ಬೇಕು, ನನ್ನೊಬ್ಬಳ ಹತ್ರ ಮಾತ್ರ ಜಗಳ. ಒಬ್ಬರ ಜೊತೆ ಆಗದಿದ್ರೂ ಸೆಂಟರಿಗೆ ಸೇರಿಸಲ್ಲ." ಹಾಗೆಂದು, ದಿನವೂ ಮಾಡುವಂತೆ, ತನ್ನ ಅರ್ಧ ಟೀಯನ್ನು ಅವನ ಲೋಟಕ್ಕೆ ಸುರಿದಿದ್ದಳು.

ಬೋರ್ಡು ಒರೆಸಿದ ಈ ಸಂಜೆ ಅವಳು ಟೀ ಸುರಿಯಲಿಲ್ಲ. ಬ್ಯಾಗು ಹೆಗಲಿಗೇರಿಸಿದಳು.

"ದೂರದ ಕಾಲೇಜಿಂದ ಕರೆದಿದಾರೆ. ಇವತ್ತೇ ಉತ್ತರ ಕೊಡಬೇಕು. ನೀವೇನಂತೀರಿ?"

ಹೋಗಬೇಡ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಜಗಳದ ಸಿಟ್ಟಿನಲ್ಲಿ ಬೇರೆಯದೇ ಹೊರಬಿತ್ತು. "ಮೊದಲು ಇಪ್ಪತ್ತೊಂದು ಸರಿಯಾ ತಪ್ಪಾ ತೀರ್ಮಾನ ಆಗಲಿ."

"ಮೊದಲು ಅದು?"

"ಮೊದಲು ಅದು."

ಅವಳು ಮೇಜಿನ ಕಡೆ ತಿರುಗಿದಳು. ತೊಳೆದಿಟ್ಟ ಲೋಟಗಳಿಗೆ ತನ್ನದನ್ನೂ ಸೇರಿಸಿ, ಏಳನ್ನು ಮೇಜಿನ ಮೇಲೆ ದುಂಡಗೆ ಜೋಡಿಸಿದಳು. "ಸೊನ್ನೆಯಿಂದ ಆರು. ಒಂದು ಮನೆ ಸರೀರಿ, ಇಲ್ಲಾ ದುಪ್ಪಟ್ಟು ಮಾಡಿ. ಏಳು ಮುಟ್ಟಿದ್ರೆ ಏಳು ಕಳೀರಿ. ನೀವೇ ನೋಡ್ಕೊಳ್ಳಿ."

ಅವನು ಬಗ್ಗಿ ಬೆರಳಿಟ್ಟ. ಒಂದರಿಂದ ಹೊರಟು, ಸರಿದು ದುಪ್ಪಟ್ಟು ಮಾಡಿದರೆ ನಾಲ್ಕು. ದುಪ್ಪಟ್ಟು ಮಾಡಿ ಸರಿದರೆ ಮೂರು. ಯಾವುದು ಮೊದಲು ಎಂಬುದರ ಮೇಲೆ ಸೇರುವ ಜಾಗವೇ ಬೇರೆ. ಮೂರು ಸಲ ದುಪ್ಪಟ್ಟಾದರೆ ಹೊರಟಲ್ಲಿಗೇ ವಾಪಸು. ಏಳು ಬಗೆಯ ಸರಿತ, ಮೂರು ಬಗೆಯ ದುಪ್ಪಟ್ಟು: ಏಳು ಮೂರ್ಲ ಇಪ್ಪತ್ತೊಂದು. ಒಂದೊಂದನ್ನೂ ತಿರುವಿ ನೋಡಿದ. ಸುಮ್ಮನಿರುವುದರ ಹೊರತು ಯಾವುದೂ ಎಲ್ಲದರೊಡನೆ ಹೊಂದಲಿಲ್ಲ.

"ನೀವೇ ಸರಿ ಮೇಡಂ. ಹೋಗಬೇಡಿ."

ತಲೆಯೆತ್ತಿದ. ಬಾಗಿಲು ತೆರೆದಿತ್ತು. ಮೆಟ್ಟಿಲವರೆಗೂ ಓಡಿದ, ಗೇಟಿನವರೆಗೂ ಓಡಿದ. ರಸ್ತೆಯಲ್ಲಿ ಯಾರ್ಯಾರೋ ಇದ್ದರು.

ಕೋಣೆಗೆ ಮರಳಿದಾಗ ಏಳು ಲೋಟಗಳಲ್ಲಿ ಒಂದರಲ್ಲಿ, ಅವಳದರಲ್ಲಿ ಮಾತ್ರ ಅರ್ಧ ಟೀ ಇತ್ತು. ಅವನ ಪಾಲಿನದು. ಆರಿಹೋಗಿತ್ತು. ಕೂತು ಅದನ್ನೇ ಕುಡಿದ.

ಅವಳು ಮತ್ತೆ ಬರಲಿಲ್ಲ.