ವೀರಮ್ಮನ ಹಾಡು ನಿಂತದ್ದು ಹೇಗೆ

ರುಬೀನಾ ಗೇಟು ತೆಗೆದು ಒಳಗೆ ಬಂದಾಗ ಪರಮೇಶನಿಗೆ ಹಿತ್ತಿಲ ಬಾಗಿಲಿನಿಂದ ಹೊರಟುಬಿಡೋಣ ಎನ್ನಿಸಿತು. ಹಿಂದಿನ ಭಾನುವಾರವಷ್ಟೇ ಭದ್ರಾವತಿಯಲ್ಲಿ, ತನ್ನ ತಂಗಿ ಶೀಲಾಳ ಮನೆಯ ಜಗಲಿಯ ಮೇಲೆ, ನೆಂಟರಿಷ್ಟರೆಲ್ಲ ನೋಡುತ್ತಿರುವಾಗ ಇವಳ ಅಣ್ಣ ಆತಿಫ್‌ನ ಚೀಲವನ್ನು ಬೋರಲು ಹಾಕಿ ಸುರಿದವನು ಅವನೇ. ಬಿದ್ದದ್ದು ಒಂದಷ್ಟು ವೈರು, ಸ್ಕ್ರೂಡ್ರೈವರು, ಅರ್ಧ ತಿಂದ ಬನ್ನು. ಕದ್ದ ಮಾಲು ಮಾತ್ರ ಸಿಗಲಿಲ್ಲ.

ರುಬೀನಾ ಬಂದದ್ದು ನವುಲೆಯ ದಾಕ್ಷಾಯಣಮ್ಮನವರ ಮನೆಗೆ. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತರಾದವರು. ಸುತ್ತಮುತ್ತ ಏನೇ ಕಳುವಾದರೂ ಜನ ಪೊಲೀಸರಿಗಿಂತ ಮೊದಲು ಅವರ ಬಾಗಿಲು ತಟ್ಟುತ್ತಿದ್ದರು. ಹಳೆಯ ಶಿಷ್ಯ ಪರಮೇಶ ಅವರ ಪತ್ತೇದಾರಿಕೆಗೆಲ್ಲ ಸ್ಕೂಟರ್ ಓಡಿಸುವವನು.

ರುಬೀನಾಳ ಮುಖ ನೋಡಲಾರದೆ ಅವನು ಎಲೆಗೆ ಸುಣ್ಣ ಹಚ್ಚುತ್ತ ಕೂತ. ಮೂಲೆಯ ರೇಡಿಯೋ ಗೊರಗೊರ ಎಂದಿತು. ಕೈಚಾಚಿ ಅದರ ನೆತ್ತಿಗೆ ಎರಡೇಟು ಹಾಕಿದ. ಅದು ಸುಮ್ಮನೆ ದಾರಿಗೆ ಬಂತು. ದಾಕ್ಷಾಯಣಮ್ಮ ಎಂದಿನಂತೆ ಸೆರಗಿನಲ್ಲಿ ಅದನ್ನು ಒರೆಸಿದರು.

"ಅಣ್ಣನ ರಿಪೇರಿ ಅಂಗಡಿಗೆ ಯಾರೂ ಬರ್ತಿಲ್ಲ ಮೇಡಂ," ಎಂದಳು ರುಬೀನಾ. "ಕೊಟ್ಟಿದ್ದ ಮೊಬೈಲುಗಳನ್ನೂ ವಾಪಸ್ ಇಸ್ಕೊಂಡು ಹೋಗ್ತಿದಾರೆ. ಕಳ್ಳನ ಕೈಗೆ ರಿಪೇರಿಗೆ ಯಾರು ಕೊಡ್ತಾರೆ?"

ವಿಷಯ ಇಷ್ಟು. ಶೀಲಾಳ ಗಂಡ ಭೀಮೇಶ ಹಾಡು ಕೇಳುವ, ರೆಕಾರ್ಡೂ ಮಾಡುವ ಅಂಗೈಯಗಲದ ಪ್ಲೇಯರೊಂದನ್ನು ಕೊಂಡಿದ್ದ. ಒಳಗೆ ಪುಟಾಣಿ ಹಾರ್ಡ್ ಡಿಸ್ಕು, ಸಾವಿರಾರು ಹಾಡು ಹಿಡಿಯುವಂಥದ್ದು. ಜಾಗ ಕಡಿಮೆಯಾದರೂ ಡಿಸ್ಕಿನ ಬದಲು ಮೆಮೊರಿ ಚಿಪ್ಪಿರುವುದು ಗಟ್ಟಿ, ಅದನ್ನೇ ತಗೊಳ್ಳಿ ಎಂದು ಆತಿಫ್ ಹೇಳಿದ್ದನ್ನು ಅವನು ಕಿವಿಗೆ ಹಾಕಿಕೊಂಡಿರಲಿಲ್ಲ. ತಾಯಿ ವೀರಮ್ಮ ಹೇಳುತ್ತಿದ್ದ ಸೋಬಾನೆ ಪದಗಳನ್ನೆಲ್ಲ ಅದರಲ್ಲೇ ತುಂಬಿಸಿಕೊಂಡಿದ್ದ. ವೀರಮ್ಮ ತೀರಿಕೊಂಡರು. ಮೊದಲ ವರ್ಷದ ಪುಣ್ಯಸ್ಮರಣೆಗೆ ಆ ಪದಗಳನ್ನು ಎಲ್ಲರಿಗೂ ಕೇಳಿಸಬೇಕೆಂದು ಆತಿಫ್‌ನ ಕೈಲಿ ಸ್ಪೀಕರ್ ಹಾಕಿಸಿದರೆ, ಅವನು ಹೋಗಿ ವೈರು ತಂದು ಚುಚ್ಚಿದಾಗ ಪ್ಲೇಯರು ಹಾಡುವ ಬದಲು ಟಿಕ್ ಟಿಕ್ ಎಂದು ಸುಮ್ಮನಾಯಿತು. ಒಳ್ಳೆಯ ಡಿಸ್ಕನ್ನು ಮಾರಿಕೊಳ್ಳಲು ಇವನೇ ಬದಲಾಯಿಸಿದ್ದಾನೆ ಎಂದು ಭೀಮೇಶ ಕೂಗಾಡಿದ. ಮೇಜಿನ ಮೇಲಿದ್ದ ಆತಿಫ್‌ನ ಸ್ವಂತ ಚಿಕ್ಕ ಪ್ಲೇಯರನ್ನೂ ಕಿತ್ತಿಟ್ಟುಕೊಂಡ.

ಮರುದಿನ ದಾಕ್ಷಾಯಣಮ್ಮ ಪರಮೇಶನ ಸ್ಕೂಟರಿನ ಹಿಂದೆ ಕೂತು ಮಾಚೇನಹಳ್ಳಿ ದಾಟಿ ಭದ್ರಾವತಿಗೆ ಬಂದರು. ಭೀಮೇಶನ ಮನೆಯಲ್ಲಿ ಎರಡೂ ಪ್ಲೇಯರುಗಳನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು, ಕಿವಿಗಿಟ್ಟು ಆಲಿಸಿದರು, ಚಿಕ್ಕದಕ್ಕೆ ಇಯರ್‌ಫೋನ್ ಹಾಕಿಯೂ ಕೇಳಿದರು. ಆಮೇಲೆ ಅಂದು ಅಲ್ಲಿದ್ದವರನ್ನೆಲ್ಲ ಕರೆಸಲು ಹೇಳಿದರು, ಆತಿಫ್‌ನನ್ನೂ. ಅವನು ಬಂದು ಹೊಸಿಲ ಹೊರಗೇ ನಿಂತ. ಒಳಗೆ ಬಾ ಎನ್ನುವ ಮುಖ ಪರಮೇಶನಿಗಿರಲಿಲ್ಲ.

"ಡಿಸ್ಕು ಬದಲಾಗಿಲ್ಲ," ದಾಕ್ಷಾಯಣಮ್ಮ ಶುರುಮಾಡಿದರು. "ಹಿಂದಿನ ಸ್ಕ್ರೂ ಮೇಲೆ ಕಂಪನಿ ಸ್ಟಿಕ್ಕರು ಹರೀದೆ ಹಾಗೇ ಇದೆ. ಹಾಡು ಅಳಿಸಿದ್ರೆ ಖಾಲಿ ಅಂತ ತೋರಿಸ್ತಿತ್ತು, ಟಿಕ್ ಅಂತಿರಲಿಲ್ಲ. ಇದರೊಳಗೆ ಒಂದು ತಟ್ಟೆ ಗಿರಗಿರ ತಿರುಗುತ್ತೆ. ಅದರ ಮೇಲೆ ಕೂದಲೆಳೆ ಅಂತರದಲ್ಲಿ ಒಂದು ಕಡ್ಡಿ. ತಿರುಗೋವಾಗ ಪೆಟ್ಟು ಬಿದ್ರೆ ಕಡ್ಡಿ ತಟ್ಟೆಗೆ ತಾಗಿ ಎಲ್ಲ ಹಾಳು."

"ಕೆಳಗೆ ಬಿದ್ದಿರಬೇಕು," ಎಂದ ಭೀಮೇಶ.

"ಬಿದ್ದಿದ್ರೆ ಮೂಲೆ ಜಜ್ಜಿರೋದು. ಒಂದು ಗೀರೂ ಇಲ್ಲ. ಪೆಟ್ಟು ಕೈಯದು. ಆತಿಫನ ಪ್ಲೇಯರಿಗೂ ಅದೇ ಪೆಟ್ಟು ಬಿದ್ದಿದೆ. ಆದರೆ ಅದರದು ಚಿಪ್ಪು, ಒಳಗೆ ತಿರುಗೋದೇ ಇಲ್ಲ, ತಡ್ಕೊಂಡಿದೆ. ಎರಡರ ನೆತ್ತಿ ಮೇಲೂ ಸುಣ್ಣದ ಗುರುತಿದೆ ನೋಡಿ." ಅವರು ಶೀಲಾಳತ್ತ ತಿರುಗಿದರು. "ಆತಿಫ್ ವೈರು ತರೋಕೆ ಹೋದಾಗ ಮೇಜಿನ ಹತ್ರ ಯಾರಿದ್ರಮ್ಮ?"

ಶೀಲಾ ನೆಲ ನೋಡಿದಳು. "ಅಣ್ಣ ಇದ್ದ."

ಪರಮೇಶನಿಗೆ ಆಗ ನೆನಪಾಯಿತು. ಪ್ಲೇಯರು ಚಾಲೂ ಇತ್ತು, ಹಾಡು ಶುರುವಾಗಲು ತಡವಾಗಿತ್ತು. ಅವನ ಕೈ ತನ್ನಷ್ಟಕ್ಕೆ ಎದ್ದಿತ್ತು. ದೊಡ್ಡದಕ್ಕೆ ಎರಡೇಟು, ಪಕ್ಕದ ಚಿಕ್ಕದಕ್ಕೂ ಎರಡು. ಉಸಿರಾಡಿದ್ದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

"ನನ್ನ ರೇಡಿಯೋ ಮೇಲಿಂದ ಇದೇ ಸುಣ್ಣ ಎಷ್ಟು ಸಲ ಒರೆಸಿದೀನೋ ಪರಮೇಶ," ಎಂದರು ದಾಕ್ಷಾಯಣಮ್ಮ ಮೆಲ್ಲಗೆ. "ಹೊಡೀಬೇಡ ಅಂತ ಒಂದು ದಿನವಾದ್ರೂ ನಾನು ಹೇಳಬೇಕಿತ್ತು."

ಅವರು ಬೈದಿದ್ದರೆ ಚೆನ್ನಾಗಿತ್ತು. ತಾನು ಮಾಡಿದ ಕೆಲಸಕ್ಕೆ ಇನ್ನೊಬ್ಬನ ಚೀಲ ಸುರಿದಿದ್ದ. ಪರಮೇಶ ಎದ್ದು ಹೊಸಿಲಿಗೆ ಹೋದ. "ತಪ್ಪು ನಂದು ಆತಿಫ್. ನಿನ್ನ ಅಂಗಡಿ ಮುಂದೆ ನಿಂತು ಎಲ್ಲರಿಗೂ ಹೇಳ್ತೀನಿ," ಎಂದ. ಭೀಮೇಶ ಹಾಳಾದ ಪ್ಲೇಯರನ್ನು ಕೈಯಲ್ಲಿ ಹಿಡಿದು ಅವನ ಹಿಂದೆಯೇ ಬಂದು ನಿಂತ. ಅಮ್ಮನ ದನಿಯಂತೂ ಹೋಗಿತ್ತು.

ದಾಕ್ಷಾಯಣಮ್ಮ ಚಿಕ್ಕ ಪ್ಲೇಯರನ್ನು ಆತಿಫ್‌ನ ಕೈಗಿಟ್ಟರು. "ಇದರಲ್ಲಿ ಏನಿದೆ ಅಂತ ನಾನು ಕೇಳಿದೀನಿ. ಆದ್ರೆ ಹಾಕೋದು ಬಿಡೋದು ನಿನ್ನಿಷ್ಟ."

"ಸ್ಪೀಕರ್ ನೋಡೋಕೆ ಅಂತ ನಿಮ್ಮ ಪ್ಲೇಯರಿಂದ ವೀರಮ್ಮಜ್ಜಿದು ಒಂದು ಪದ ಹಾಕ್ಕೊಂಡಿದ್ದೆ," ಎಂದ ಆತಿಫ್ ಭೀಮೇಶನತ್ತ ನೋಡಿ. "ಅವತ್ತೇ ಹೇಳ್ತಿದ್ದೆ ಅಣ್ಣ. ಹೇಳೋಕೆ ಬಿಟ್ರಾ ನೀವು?"

ಪರಮೇಶ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಆತಿಫ್ ಚಪ್ಪಲಿ ಬಿಟ್ಟು ಒಳಗೆ ಬಂದು ಸ್ಪೀಕರಿಗೆ ವೈರು ಚುಚ್ಚಿ ಗುಂಡಿ ಒತ್ತಿದ.

ಏನೂ ಕೇಳಿಸಲಿಲ್ಲ. ವೀರಮ್ಮ ಪದ ಎತ್ತುವ ಮೊದಲು ಯಾವಾಗಲೂ ಹೀಗೇ ಒಂದಿಷ್ಟು ಹೊತ್ತು ಸುಮ್ಮನಿರುತ್ತಿದ್ದರು. ಪರಮೇಶನ ಬಲಗೈ ತಾನಾಗಿ ಮೇಲೆದ್ದಿತು. ಅದನ್ನು ಗಕ್ಕನೆ ಎಳೆದುಕೊಂಡು ಕಂಕುಳಲ್ಲಿ ಬಿಗಿಯಾಗಿ ಅವುಚಿ ಹಿಡಿದ. ಹಾಡು ಮುಗಿಯುವವರೆಗೂ ಬಿಡಲಿಲ್ಲ.